ಚಾರ್ಲ್‌ಸ್ಟನ್‌ನಲ್ಲಿ ‘ರಾಜರ ಹಾಗೆ’ ಎರಡು ದಿನ: ಕೇಳಿದವರಿಗೆಲ್ಲ ಒಂದೇ ಉತ್ತರ

ಉತ್ತರ ಕೆರೊಲಿನಾದ ಶಾರ್ಲೆಟ್ ನಗರದಲ್ಲಿ ಮನೆ ಮಾಡಿರುವ ನಮ್ಮಂಥವರಿಗೆ ಕಾರಿನಲ್ಲಿ ಮೂರೂವರೆ ಗಂಟೆ ದೂರದಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ಇದೆ. ಅಲ್ಲಿಂದ ದಕ್ಷಿಣಕ್ಕೆ ಇನ್ನೆರಡು ಗಂಟೆ ಹೋದರೆ ಜಾರ್ಜಿಯಾದ ಸವಾನಾ. ಈ ಕರಾವಳಿಗೆ ನಾನು ಆಗಾಗ ಹೋಗುತ್ತೇನೆಂಬ ಸುದ್ದಿ ಹೇಗೋ ಎಲ್ಲರ ಕಿವಿಗೂ ಬಿದ್ದಿದೆ. ಯುಗಾದಿ ಊಟದ ಸಾಲಿನಲ್ಲಿ ಕೇಳುತ್ತಾರೆ, ಮಕ್ಕಳ ಹುಟ್ಟುಹಬ್ಬದಲ್ಲಿ ಕೇಳುತ್ತಾರೆ, ಒಮ್ಮೆ ದಂತವೈದ್ಯರ ಕೋಣೆಯ ಹೊರಗೆ ದವಡೆ ಹಿಡಿದುಕೊಂಡು ಕುಳಿತಿದ್ದಾಗಲೂ ಕೇಳಿದರು: “ಮದುವೆಯ ವಾರ್ಷಿಕೋತ್ಸವ ಬರುತ್ತಿದೆ. ಎರಡು ದಿನ ರಾಜರ ಹಾಗೆ ಇದ್ದು ಬರಬೇಕು. ಯಾವ ಪ್ಲಾಂಟೇಶನ್ ಚೆನ್ನಾಗಿದೆ?” ಪ್ಲಾಂಟೇಶನ್ ಎಂದರೆ ಇಲ್ಲಿ ಹಳೆಯ ಜಮೀನ್ದಾರರ ದೊಡ್ಡ ಮನೆ, ಜಮೀನು; ಈಗ ಟಿಕೆಟ್ ಇಟ್ಟು ತೋರಿಸುವಂಥದ್ದು.

ಬಾಯಿಬಿಟ್ಟು ಹೇಳುವ ತಾಳ್ಮೆ ಮುಗಿದಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನು ಕಳುಹಿಸುತ್ತೇನೆ.

ಸುಲಭದ್ದನ್ನು ಮೊದಲು ಮುಗಿಸೋಣ. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಅಜೇಲಿಯಾ ಅರಳುತ್ತದೆ, ಜೊತೆಗೆ ಹೋಟೆಲ್ ದರವೂ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆಗಸ್ಟ್‌ನ ಸೆಕೆಯ ಬಗ್ಗೆ ಮಂಗಳೂರಿನವರಿಗೆ ಹೇಳಬೇಕಾಗಿಲ್ಲ, ಬೆಂಗಳೂರಿನವರಿಗೆ ಹೇಳಿದರೆ ನಂಬುವುದಿಲ್ಲ. ದುಡ್ಡು ಖರ್ಚು ಮಾಡುವ ಮನಸ್ಸಿದ್ದರೆ ಚಾರ್ಲ್‌ಸ್ಟನ್‌ನ ಹಳೆಯ ನಗರದೊಳಗೇ ಉಳಿದುಕೊಳ್ಳಿ, ಬಹುಪಾಲು ನಡೆದೇ ನೋಡಬಹುದು. ಕಡಲು ಕಿಟಕಿಯ ಎದುರೇ ಇರಬೇಕೆಂದರೆ ಕಿಯಾವಾ ದ್ವೀಪವಿದೆ. ಗಾಲ್ಫ್ ಆಡದವರು ಅಲ್ಲಿ ಏನು ಮಾಡುತ್ತಾರೆಂದು ನನ್ನನ್ನು ಕೇಳಬೇಡಿ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಅಲ್ಲಿನ ಕೆಂಪನ್ನ ನೋಡಲು ಟೊಮೆಟೊ ಬಾತ್‌ನಂತೆಯೇ ಇರುತ್ತದೆ, ‘ಹಾಪಿನ್ ಜಾನ್’ ಎಂಬುದು ಅಲಸಂದೆ ಕಾಳಿನ ಅನ್ನ. ಎರಡಕ್ಕೂ ಹಂದಿಮಾಂಸ ಹಾಕುವುದೇ ರೂಢಿ. ಸೊಪ್ಪಿನ ಪಲ್ಯವನ್ನೂ ನಂಬಬೇಡಿ.

ಈಗ ಆ ರಾಜರ ವಿಷಯ.

ಯಾವ ರಾಜರು? ನೀವು ನೋಡಲು ಹೊರಟಿರುವ ಬಿಳಿ ಕಂಬದ ಮನೆಗಳನ್ನು ಕಟ್ಟಿಸಿದವರು ಭತ್ತ ಬೆಳೆಸಿದ ಜಮೀನ್ದಾರರು. ಬೆಳೆದವರಲ್ಲ, ಬೆಳೆಸಿದವರು. 1670ರಲ್ಲಿ ಇಂಗ್ಲಿಷರು ಇಲ್ಲಿ ನೆಲೆಯೂರಿದರು. ಆ ಶತಮಾನ ಮುಗಿಯುವುದರೊಳಗೆ ಭತ್ತದ ಲಾಭ ಕಣ್ಣಿಗೆ ಬಿದ್ದಿತ್ತು. ಗದ್ದೆಗಿಳಿದವರು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಜನ. ಉತ್ತರ ಅಮೆರಿಕಕ್ಕೆ ಹಾಗೆ ತಂದವರಲ್ಲಿ ಸುಮಾರು ಶೇ. 40ರಷ್ಟು ಮಂದಿ ಚಾರ್ಲ್‌ಸ್ಟನ್ ಬಂದರಿನಲ್ಲೇ ಇಳಿದರೆಂಬುದು ಅಂದಾಜು. 1808ರಲ್ಲಿ ಹಡಗಿನ ವ್ಯಾಪಾರಕ್ಕೆ ನಿಷೇಧ ಬಂತು. ಊರೊಳಗಿನ ಹರಾಜು ಮುಂದುವರಿಯಿತು. ಬೂನ್ ಹಾಲ್ ಎಂಬ ಪ್ಲಾಂಟೇಶನ್ನಿನ ಓಕ್ ಮರಗಳ ಸಾಲು ಎಲ್ಲರ ಮೊಬೈಲಿನಲ್ಲೂ ಇದೆ. ಆ ಸಾಲಿನ ಪಕ್ಕದಲ್ಲೇ ಗುಲಾಮರಿದ್ದ ಒಂಬತ್ತು ಇಟ್ಟಿಗೆ ಮನೆಗಳಿವೆ. ಅವು ಯಾರ ಮೊಬೈಲಿನಲ್ಲೂ ಇರುವುದಿಲ್ಲ. ಹಾಲಿವುಡ್ ನಟ ರಯಾನ್ ರೆನಾಲ್ಡ್ಸ್ 2012ರಲ್ಲಿ ಅಲ್ಲಿಯೇ ಮದುವೆಯಾಗಿ, 2020ರಲ್ಲಿ ಅದಕ್ಕಾಗಿ ಬಹಿರಂಗವಾಗಿ ವಿಷಾದಿಸಿದರು. ಅವರಿಗೆ ಎಂಟು ವರ್ಷ ಹಿಡಿಯಿತು. ನಿಮಗೆ ಇದನ್ನು ಓದುವಷ್ಟು ಹೊತ್ತು ಸಾಕು.

ಚಾರ್ಲ್‌ಸ್ಟನ್‌ನ ಹಳೆಯ ಇಟ್ಟಿಗೆ ಗೋಡೆಗಳ ಹತ್ತಿರ ಹೋಗಿ ಕಣ್ಣಿಟ್ಟು ನೋಡಿದರೆ ಕೆಲವು ಇಟ್ಟಿಗೆಗಳಲ್ಲಿ ಬೆರಳಿನ ಗುಳಿಗಳು ಕಾಣುತ್ತವೆ. ಹಸಿ ಇಟ್ಟಿಗೆಯನ್ನು ಎತ್ತಿ ಮಗುಚಿ ಒಣಗಿಸಿದವರ ಗುರುತು ಅದು. ಆ ಕೆಲಸಕ್ಕೆ ಮಕ್ಕಳನ್ನೂ ಹಚ್ಚುತ್ತಿದ್ದರು. ಒಂದು ಗೋಡೆಯಲ್ಲಿ ನಾನು ಕಂಡ ಗುಳಿ ನನ್ನ ಕಿರುಬೆರಳಿಗೂ ಸಾಲದಷ್ಟು ಚಿಕ್ಕದಾಗಿತ್ತು.

ಇಷ್ಟು ಹೇಳಿದ ಕೂಡಲೇ ಒಬ್ಬರಾದರೂ ಎದ್ದು ನಿಲ್ಲುತ್ತಾರೆ: “ಹಾಗಾದರೆ ಹಂಪಿಗೆ ಹೋಗಬಾರದೇ? ಅಲ್ಲಿ ಕಲ್ಲು ಹೊತ್ತವರು ಯಾರು?” ಕೇಳಿ, ಖಂಡಿತ ಕೇಳಿ. ಹಂಪಿಗೆ ಹೋದಾಗಲೂ ಇದನ್ನೇ ಕೇಳಿ, ನಾನು ಬೇಡವೆನ್ನಲಿಲ್ಲ. ಆದರೆ ಇಲ್ಲಿನ ಕಥೆ ಮುಗಿದು ಇನ್ನೂರು ವರ್ಷವೂ ತುಂಬಿಲ್ಲ. ಹೆಸರು, ವಯಸ್ಸು, ಬೆಲೆ ಬರೆದಿಟ್ಟ ಪಟ್ಟಿಗಳು ಇನ್ನೂ ಇವೆ. ಆ ಹೆಸರುಗಳ ಮೊಮ್ಮಕ್ಕಳ ಮೊಮ್ಮಕ್ಕಳು ಅದೇ ಊರಿನ ಮಾರುಕಟ್ಟೆಯಲ್ಲಿ ಬುಟ್ಟಿ ಹೆಣೆಯುತ್ತಾ ಕುಳಿತಿದ್ದಾರೆ. ಐಷಾರಾಮದ ಮೇಲೆ ನನಗೇನೂ ದ್ವೇಷವಿಲ್ಲ. ಮೆತ್ತನೆಯ ಹಾಸಿಗೆ, ಬೇರೆಯವರು ಮಾಡಿಕೊಟ್ಟ ಕಾಫಿ ನನಗೂ ಇಷ್ಟವೇ.

ಬುಟ್ಟಿ ಹೆಣೆಯುವ ಅಂಥ ಒಬ್ಬ ಹಿರಿಯ ಹೆಂಗಸಿನ ಎದುರೇ ಆ ಪ್ರಸಂಗ ನಡೆದದ್ದು. ಊರಿನಿಂದ ಬಂದಿದ್ದ ನೆಂಟರನ್ನು ಚಾರ್ಲ್‌ಸ್ಟನ್‌ನ ಸಿಟಿ ಮಾರ್ಕೆಟ್‌ಗೆ ಕರೆದೊಯ್ದಿದ್ದೆ. ಗಂಡ, ಹೆಂಡತಿ. ಮಧ್ಯಾಹ್ನ ಪ್ಲಾಂಟೇಶನ್ ನೋಡಲು ಟಿಕೆಟನ್ನು ಅವರೇ ಮುಂಚಿತವಾಗಿ ಕಾಯ್ದಿರಿಸಿದ್ದರು. ಆತ ಒಂದು ಬುಟ್ಟಿಯ ಬೆಲೆ ನೋಡಿ, “ಹುಲ್ಲಿನ ಬುಟ್ಟಿಗೆ ಮುನ್ನೂರು ಡಾಲರಾ!” ಎಂದು ಕನ್ನಡದಲ್ಲಿ ಕೂಗಿ, ಆಮೇಲೆ ಇಂಗ್ಲಿಷಿನಲ್ಲಿ ಅರ್ಧಕ್ಕೆ ಕೇಳಿದರು. ಆಕೆ ತಲೆ ಎತ್ತಲಿಲ್ಲ. ಅವರ ಕೈಯಲ್ಲಿ ಚಮಚದ ಹಿಡಿಯನ್ನು ಮುರಿದು ತೇಯ್ದು ಮಾಡಿದ ದಬ್ಬಳದಂಥ ಉಪಕರಣವಿತ್ತು. ಅದರಿಂದ ಹುಲ್ಲಿನ ಸುರುಳಿಯಲ್ಲಿ ತೂತು ಮಾಡುವುದು, ಪಾಲ್ಮೆಟೊ ತಾಳೆಯ ಗರಿಯ ಸೀಳನ್ನು ಅದರೊಳಗೆ ತೂರಿಸಿ ಬಿಗಿಯುವುದು, ಮತ್ತೆ ತೂತು. ಆತ ಮುಕ್ಕಾಲಿಗೆ ಕೇಳಿದರು. ನಾನು ಪಕ್ಕದ ಅಂಗಡಿಯಲ್ಲಿ ತೂಗುಹಾಕಿದ್ದ ಟೋಪಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಅಷ್ಟರಲ್ಲಿ ಆತನ ಹೆಂಡತಿ, ಮಂಡ್ಯದ ಕಡೆಯವರು, ಮೂಲೆಯಲ್ಲಿದ್ದ ಅಗಲವಾದ, ಅಂಚು ತುಸುವೇ ಎದ್ದ ಬುಟ್ಟಿಯೊಂದನ್ನು ಕೈಗೆತ್ತಿಕೊಂಡರು. ಒಂದು ಗಳಿಗೆ ತೂಕ ನೋಡಿ, ಯಾರೂ ಹೇಳದೆಯೇ, ಇಲ್ಲದ ಅಕ್ಕಿಯನ್ನು ಕೇರಿಬಿಟ್ಟರು. ಮೊಣಕೈ ಪಕ್ಕೆಗೆ ಒತ್ತಿ ಎರಡು ಸಲ ಮೇಲಕ್ಕೆ, ಒಂದು ಸಲ ಅಡ್ಡಕ್ಕೆ. ಆ ಹಿರಿಯಳು ಕೈಯಲ್ಲಿದ್ದುದನ್ನು ಕೆಳಗಿಟ್ಟು, “ನಿಮ್ಮ ಕಡೆಯೂ ಭತ್ತವೋ?” ಎಂದು ಕೇಳಿದರು. ಮೊದಲಿಗೆ ಈ ಹೆಣಿಗೆ ಭತ್ತ ಕೇರುವ ಮೊರಕ್ಕಾಗಿಯೇ ಇದ್ದದ್ದು, ಪಶ್ಚಿಮ ಆಫ್ರಿಕಾದಿಂದ ಕೈಯಿಂದ ಕೈಗೆ ಬಂದದ್ದು. ಬ್ರೆಡ್ಡಿನ ಬುಟ್ಟಿ, ಹೂಬುಟ್ಟಿ ಎಲ್ಲ ಪ್ರವಾಸಿಗರು ಬಂದ ಮೇಲಿನ ಮಾತು. ಈ ಜನರನ್ನು ಗಲ್ಲಾ ಗೀಚಿ ಎನ್ನುತ್ತಾರೆ. ಕರಾವಳಿಯ ದ್ವೀಪಗಳಲ್ಲಿ ತಮ್ಮದೇ ಭಾಷೆ, ಅಡುಗೆ ಉಳಿಸಿಕೊಂಡವರು. ಅವರ ನೆಲವನ್ನು 2006ರಲ್ಲಿ ಅಮೆರಿಕದ ಕಾಂಗ್ರೆಸ್ ರಾಷ್ಟ್ರೀಯ ಪರಂಪರೆಯ ಪ್ರದೇಶವೆಂದು ಗುರುತಿಸಿತು. ಇಬ್ಬರು ಹೆಂಗಸರೂ ನುಚ್ಚು, ತೌಡು, ಒನಕೆ ಎಂದು ಮಾತಿಗಿಳಿದರು, ನಾನು ನಡುವೆ ಅನುವಾದಕಿ. ಗಂಡ ಟಿಕೆಟಿನ ವೇಳೆ ಮೀರುತ್ತಿದೆಯೆಂದು ಗಡಿಯಾರ ತೋರಿಸುತ್ತಲೇ ಇದ್ದರು. ಮೊರವನ್ನು ಹೆಂಡತಿ ಪೂರ್ತಿ ಬೆಲೆಗೆ ಕೊಂಡರು, ಆತನ ಕಾರ್ಡಿನಿಂದಲೇ.

ನನ್ನನ್ನು ಯಾರಾದರೂ ಕೇಳಬಾರದೇ ಎಂದು ಕಾಯುತ್ತಿರುವ ಪ್ರಶ್ನೆಯೇ ಬೇರೆ: ಆ ಗದ್ದೆಗೆ ನೀರು ಬಿಡುತ್ತಿದ್ದದ್ದು ಹೇಗೆ? ನಾನು ಅಘನಾಶಿನಿ ದಂಡೆಯಲ್ಲಿ ಬೆಳೆದವಳು. ಗಜನಿ ಗದ್ದೆ, ಒಡ್ಡು, ತೂಬು, ಭರತ, ಇಳಿತ ಕೇಳುತ್ತಲೇ ದೊಡ್ಡವಳಾದೆ. ನಮ್ಮಲ್ಲಿ ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು, ಮಳೆ ಉಪ್ಪು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತ ಬಿತ್ತುತ್ತಾರೆ. ಇಲ್ಲಿ ಹಾಗಲ್ಲ. ಭರತ ಬಂದಾಗ ನದಿಯ ಸಿಹಿನೀರು ಮೇಲೇರಬೇಕು, ಆದರೆ ಉಪ್ಪು ಅಲ್ಲಿಯವರೆಗೆ ತಲುಪಬಾರದು. ಅಂಥ ಜಾಗವನ್ನೇ ಹುಡುಕಿ ಗದ್ದೆ ಮಾಡಬೇಕು. ಕೂಪರ್, ಸ್ಯಾಂಟಿ, ಸವಾನಾ ನದಿಗಳ ದಂಡೆಯಲ್ಲಿ ಸೈಪ್ರೆಸ್ ಮರದ ಜೌಗು ಕಾಡನ್ನು ಕಡಿದು, ಸೊಂಟದವರೆಗಿನ ಕೆಸರಲ್ಲಿ ನಿಂತು, ಮೈಲಿಗಟ್ಟಲೆ ಏರಿ ಹಾಕಿದರು. ಏರಿಯೊಳಗೆ ಮರದ ತೂಬು, ಎರಡು ತುದಿಗೂ ಬಾಗಿಲು. ಭರತದಲ್ಲಿ ತೆರೆದರೆ ಗದ್ದೆ ತುಂಬುತ್ತದೆ, ಇಳಿತದಲ್ಲಿ ತೆರೆದರೆ ಬಸಿಯುತ್ತದೆ. ಹಾವು, ಮೊಸಳೆಯ ಬಳಗದ ಅಲಿಗೇಟರ್, ಮಲೇರಿಯಾ. ಯಜಮಾನರು ಬೇಸಿಗೆಯಲ್ಲಿ ಜ್ವರಕ್ಕೆ ಹೆದರಿ ನಗರದ ಮನೆಗೆ ಹೋಗಿಬಿಡುತ್ತಿದ್ದರು. ಭತ್ತದ ವಿದ್ಯೆಯಲ್ಲಿ ಬಹಳಷ್ಟು ಆಫ್ರಿಕಾದಿಂದ ಬಂದವರದೇ ಎಂದು ಇತಿಹಾಸಕಾರರು ವಾದಿಸುತ್ತಾರೆ. ಗಜನಿ ಕಂಡ ನನಗೆ ಅದನ್ನು ಒಪ್ಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ ಆ ಗದ್ದೆಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ. 1893 ಮತ್ತು 1911ರ ಚಂಡಮಾರುತಗಳು ಉಳಿದದ್ದನ್ನೂ ಮುಗಿಸಿದವು. ಕೆರೊಲಿನಾ ಗೋಲ್ಡ್ ಎಂಬ ಆ ಭತ್ತವನ್ನು 1980ರ ದಶಕದಲ್ಲಿ ಮತ್ತೆ ಬೆಳೆದದ್ದು ಸವಾನಾದ ಒಬ್ಬ ಕಣ್ಣಿನ ವೈದ್ಯರು, ಅದೂ ತಮ್ಮ ಜಮೀನಿಗೆ ಬಾತುಕೋಳಿ ಬರಲಿ ಎಂದು. ಈಗ ನೀವು ರಾಜರ ಹಾಗೆ ಊಟ ಮಾಡುವ ಹೋಟೆಲುಗಳಲ್ಲಿ ಅದನ್ನೇ ಬಡಿಸುತ್ತಾರೆ.

ರಾಜನೇ ಬೇಕೆಂಬ ಹಟವಿದ್ದರೆ ಚಾರ್ಲ್‌ಸ್ಟನ್, ಸವಾನಾಗಳ ನಡುವಿನ ಬ್ಯೂಫರ್ಟ್‌ಗೆ ಹೋಗಿ. 1862ರ ಮೇ 13ರಂದು ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ, ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದ ಕಾನ್ಫೆಡರೇಟ್ ಸೇನೆಯ ಹಡಗನ್ನೇ ಚಾರ್ಲ್‌ಸ್ಟನ್ ಬಂದರಿನಿಂದ ಹಾರಿಸಿಕೊಂಡು ಹೋಗಿ, ಹೆಂಡತಿ ಮಕ್ಕಳನ್ನೂ ಬಿಡಿಸಿಕೊಂಡ. ಮುಂದೆ ಕಾಂಗ್ರೆಸ್ ಸದಸ್ಯನಾದ. ತನ್ನನ್ನು ಆಳಾಗಿಟ್ಟುಕೊಂಡಿದ್ದ ಯಜಮಾನನ ಮನೆಯನ್ನೇ ಕೊಂಡುಕೊಂಡು ಅದರಲ್ಲಿ ಬಾಳಿದ.

ಪ್ಲಾಂಟೇಶನ್ ನೋಡಲೇಬೇಕೆಂದರೆ ಜೇಮ್ಸ್ ದ್ವೀಪದ ಮೆಕ್ಲೌಡ್‌ಗೆ ಹೋಗಿ; ಅಲ್ಲಿ ಗುಲಾಮರ ಮನೆಗಳ ಕಥೆಯೇ ಮುಖ್ಯ, ದೊಡ್ಡ ಮನೆ ಆಮೇಲೆ. ಅದಕ್ಕೂ ಮೊದಲು ಹಡಗುಗಳು ಬಂದು ನಿಲ್ಲುತ್ತಿದ್ದ ಗ್ಯಾಡ್ಸ್‌ಡನ್ ಧಕ್ಕೆಯಲ್ಲಿ 2023ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯ. ವಾರ್ಷಿಕೋತ್ಸವದ ಫೋಟೋಕ್ಕೆ ಓಕ್ ಮರ ಬೇಕೇಬೇಕೆಂದರೆ ಜಾನ್ಸ್ ದ್ವೀಪದಲ್ಲಿ ಏಂಜಲ್ ಓಕ್ ಇದೆ. ಕೊಂಬೆಗಳು ನೆಲಕ್ಕೆ ಒರಗಿಕೊಂಡಿರುವ ಶತಮಾನಗಳ ಮರ, ನಗರಸಭೆಯ ಉದ್ಯಾನ, ಟಿಕೆಟ್ ಇಲ್ಲ. ಸಂಜೆ ಐದರೊಳಗೆ ಹೋಗಿ. ಫೋಟೋ ನನಗೆ ಕಳುಹಿಸುವ ಅಗತ್ಯವಿಲ್ಲ.