ಕೊಳೆರೋಗ ಮತ್ತು ಒಂದು ತಪ್ಪು ತೀರ್ಮಾನ

ತೀರ್ಥಹಳ್ಳಿ ಕಡೆ ಬೆಳಗ್ಗೆಯಿಂದ ಬಿಡದ ಮಳೆ. ಕರೆಂಟೂ ಇಲ್ಲ. ಪರೀಕ್ಷೆಗೆ ಓದುತ್ತಿರುವ ತಂಗಿಗೆ ರೀಸನಿಂಗ್ ಪ್ರಶ್ನೆ ಹೇಳಿಕೊಡುತ್ತಾ ಜಗಲಿಯಲ್ಲಿ ಕೂತಿದ್ದೆ.

'ಎಲ್ಲ ತೋಟಗಳೂ ಹಸಿರು. ಕೆಲವು ಹಸಿರಾದವು ಗಿಳಿಗಳು. ಹಾಗಾದರೆ ಕೆಲವು ತೋಟಗಳು ಗಿಳಿಗಳು.' ಸರಿಯಾ? ನಕ್ಕುಬಿಟ್ಟಳು. ತಪ್ಪು ಅಂದಳು.

ಅದೇ ಅಚ್ಚಿನಲ್ಲಿ ಇನ್ನೊಂದು ಕೊಟ್ಟೆ. 'ಎಲ್ಲ ಅಡಿಕೆ ಮರಗಳೂ ಎತ್ತರ. ಕೆಲವು ಎತ್ತರದ ಮರಗಳಿಗೆ ಕೊಳೆರೋಗ. ಹಾಗಾದರೆ ಕೆಲವು ಅಡಿಕೆ ಮರಗಳಿಗೆ ಕೊಳೆರೋಗ.' ತಟ್ಟನೆ ಸರಿ ಅಂದಳು! ಮಳೆಗೆ ಅಡಿಕೆ ಕಾಯಿ ಕೊಳೆತು ಉದುರುವ ಈ ಕೊಳೆ ನಮ್ಮ ತೋಟದಲ್ಲೇ ಕಾಣುತ್ತಿದೆ, ಅಲ್ವಾ? ಆದರೆ ಕೊಟ್ಟ ಎರಡು ಮಾತುಗಳಿಂದ ಅದು ಹೊರಡುವುದಿಲ್ಲ. ರೋಗ ಬಂದ ಆ ಎತ್ತರದ ಮರಗಳು ಬರೀ ತೆಂಗಿನವೂ ಆಗಿರಬಹುದು. ವೃತ್ತ ಬರೆದು ತೋರಿಸಿದ ಮೇಲೆ ಒಪ್ಪಿದಳು.

'ಕೆಲವು ಅಡಿಕೆ ಮರಗಳಿಗೆ ಕೊಳೆ. ಕೊಳೆ ಬಂದ ಮರಗಳೆಲ್ಲ ನಷ್ಟ.' ಇಲ್ಲಿ ಮಾತ್ರ ಕೆಲವು ಅಡಿಕೆ ಮರ ನಷ್ಟ ಅನ್ನಬಹುದು.

ನಮಗೆ ಮೊದಲೇ ಗೊತ್ತಿರುವ ಮಾತು ಕಣ್ಣಿಗೆ ಬಿದ್ದರೆ ಅಲ್ಲಿಗೆ ಬಂದ ದಾರಿ ಸರಿಯಾ ಅಂತ ನೋಡುವುದನ್ನೇ ಬಿಡುತ್ತೇವೆ. ನಾನೂ ಎಷ್ಟು ಜನರ ಬಗ್ಗೆ ಹೀಗೇ ತೀರ್ಮಾನ ಮಾಡಿದ್ದೇನೋ ಅನ್ನಿಸಿ ಸುಮ್ನೆ ಕೂತೆ.

ಅಷ್ಟರಲ್ಲಿ ಅಪ್ಪ ಕಂಬಳಿಕೊಪ್ಪೆ ಕೊಡವುತ್ತಾ ಬಂದರು. ಮಳೆ ಬಿಟ್ಟ ಕೂಡಲೇ ಕೊಳೆಗೆ ಬೋರ್ಡೋ ಔಷಧಿ ಹೊಡೆಸಬೇಕಂತೆ.