ಮುಂಬಯಿಯಲ್ಲಿ ಕಟ್ಟಿದ ಯುದ್ಧನೌಕೆ ನೋಡಲು ಹಾರ್ಟ್ಲ್‌ಪೂಲ್‌ಗೆ ಹೋಗುವವರಿಗೆ

ಲಂಡನ್‌ನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟ್ಲ್‌ಪೂಲ್‌ಗೆ ನೇರ ರೈಲಿದೆ. ಆದರೆ ಭಾನುವಾರ ಹೊರಡಬೇಡಿ. ಹಳಿ ರಿಪೇರಿ ಅಂತ ನಮ್ಮನ್ನು ಅರ್ಧ ದಾರಿಯಲ್ಲಿ ಇಳಿಸಿ ಬಸ್ಸಿಗೆ ತುಂಬಿದರು. ಕಾಲ ಬಳಿ ಹೀಟರಿನ ಧಗೆ, ಕಿಟಕಿ ಸಂದಿಯಿಂದ ಕಿವಿಗೆ ಕೊರೆಯುವ ಗಾಳಿ. ದಾರಿ ಗೊತ್ತಿಲ್ಲದ ಡ್ರೈವರು ಒಂದೇ ಸರ್ಕಲ್ಲನ್ನು ಎರಡು ಸಲ ಸುತ್ತಿದ. ದುಡ್ಡು ಮಾತ್ರ ರೈಲಿನದ್ದೇ.

ಇಷ್ಟಾದರೂ ಟ್ರಿಂಕೋಮಲಿ ಹಡಗು ನೋಡಿದ ಮೇಲೆ ಸಿಟ್ಟು ಇಳಿಯಿತು. ನೆಪೋಲಿಯನ್ ಕಾಲದ ಯುದ್ಧಗಳಿಂದ ಬ್ರಿಟನ್ನಿನಲ್ಲಿ ಹಡಗು ಕಟ್ಟುವ ಓಕ್ ಮರಕ್ಕೆ ಬರ ಬಂದಿತ್ತು. ಹಾಗಾಗಿ ಮುಂಬಯಿಯ ಪಾರ್ಸಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಹಡಗಿದು. ತಳದ ದೊಡ್ಡ ತೊಲೆಗೆ ಬೆಳ್ಳಿ ಮೊಳೆ ಹೊಡೆದು ಶಾಸ್ತ್ರ ಮಾಡಿದ್ದರಂತೆ. ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು! 1819ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರು ಸೇರಿದ್ದು ಅಲ್ಲೇ ಸುಮ್ಮನೆ ಬಿದ್ದಿತ್ತು. 38 ಫಿರಂಗಿಯ ದರ್ಜೆಯದನ್ನು 26ಕ್ಕೆ ಇಳಿಸಿ, 1847ರಲ್ಲಿ ಮೊದಲ ಡ್ಯೂಟಿಗೆ ವೆಸ್ಟ್ ಇಂಡೀಸ್ ಕಡೆ ಕಳಿಸಿದರು. 1852ರಿಂದ 1857ರವರೆಗೆ ಪೆಸಿಫಿಕ್‌ನಲ್ಲಿ. ಅಲ್ಲಿಗೆ ಸಮುದ್ರಯಾನದ ಕಥೆ ಮುಗಿಯಿತು. ಆಮೇಲೆ ತರಬೇತಿ ಹಡಗು. 1897ರಲ್ಲಿ ಗುಜರಿಗೆ ಮಾರಿದ್ದನ್ನು ವೀಟ್ಲಿ ಕಾಬ್ ಎಂಬವರು ಕೊಂಡು ಉಳಿಸಿದರು. ಹುಡುಗರಿಗೆ ಮತ್ತೆ ಅದರ ಮೇಲೆಯೇ ಪಾಠ. 1987ರಲ್ಲಿ ಇಲ್ಲಿಗೆ ತಂದು ವರ್ಷಗಟ್ಟಲೆ ದುರಸ್ತಿ ಮಾಡಿದ್ದಾರೆ.

ರೋಚಕ ಕದನಗಳ ಕಥೆ ಬೇಕಾದವರು ಪೋರ್ಟ್ಸ್‌ಮತ್‌ನಲ್ಲಿರುವ ನೆಲ್ಸನ್‌ನ ಯುದ್ಧನೌಕೆ ವಿಕ್ಟರಿಗೇ ಹೋಗಲಿ. ಅದಿರುವುದು 1922ರಿಂದ ನೀರಿಲ್ಲದ ಡಾಕ್‌ನಲ್ಲಿ. ಇದು ಈಗಲೂ ತೇಲುತ್ತಿದೆ. ಗದ್ದಲ ಕಂಡರಾಗದ ನನಗೆ ಇದೇ ಸರಿ. ಮೂತಿಯಲ್ಲಿ ಪೇಟ ಸುತ್ತಿದ ಗಂಡಸಿನ ಮರದ ಬೊಂಬೆಯಿದೆ, ಅದನ್ನು ನೋಡಿಯೇ ಒಳಗೆ ಹೋಗಿ. ಏಣಿಮೆಟ್ಟಿಲು ಕಡಿದಾಗಿದೆ, ಬೆನ್ನು ತಿರುಗಿಸಿ ಇಳಿಯಬೇಕು. ನಾವಿಕರು ಜೋಲಿ ಕಟ್ಟಿ ಮಲಗುತ್ತಿದ್ದ ಕೆಳಗಿನ ಅಟ್ಟದಲ್ಲಿ ನಮ್ಮ ಯಜಮಾನರು ತಲೆ ಬಗ್ಗಿಸಿಯೇ ಓಡಾಡಿದರು. ಮಂಡಿನೋವಿರುವ ಅತ್ತೆ-ಮಾವನನ್ನು ಕರೆದೊಯ್ಯುವುದಾದರೆ ಯೋಚಿಸಿ.

ಬಂದರಿನ ಪಕ್ಕ ರೂಮು ಹಿಡಿಯಬೇಡಿ. ನಮಗೆ ಸಿಕ್ಕಿದ್ದು ಕಾರ್ ಪಾರ್ಕಿಂಗ್ ಕಾಣುವ ಕಿಟಕಿ, ಬಿಲ್ಲು ಮಾತ್ರ ಸಮುದ್ರದ್ದು.

ಊಟಕ್ಕೆ ಸೀಟನ್ ಕ್ಯಾರೂ ಬೀಚಿಗೆ ಹೋಗಿ. ಬೆಂಚು ಕೂಡ ಇಲ್ಲದ ಸಣ್ಣ ಅಂಗಡಿ. ಆರ್ಡರ್ ಕೊಟ್ಟ ಮೇಲೆಯೇ ಮೀನು ಎಣ್ಣೆಗೆ ಬೀಳುತ್ತದೆ. ಮುರಿದರೆ ಬಿಳಿ ಪದರ ಪದರವಾಗಿ ಬಿಚ್ಚುತ್ತದೆ. ವಿನೆಗರ್ ಚಿಮುಕಿಸುತ್ತ ಅಂಗಡಿಯಮ್ಮ ‘ಸಾಕಾ?’ ಅಂತ ಮೂರು ಸಲ ಕೇಳಿದಳು. ಒಂದು ಪೊಟ್ಟಣ ಇಬ್ಬರಿಗೆ ಹೆಚ್ಚಾಯಿತು. ಸಸ್ಯಾಹಾರಿಗಳೇ, ಈ ಕಡೆ ಅನೇಕರು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಬರೀ ಆಲೂಗಡ್ಡೆ ಚಿಪ್ಸ್ ಆದರೂ ಕೇಳಿಯೇ ತೆಗೆದುಕೊಳ್ಳಿ.