ಎರಡು ಕಿಲೋಮೀಟರ್, ಹನ್ನೊಂದು ಕಾಫಿ ಅಂಗಡಿ

ನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದೇನೆ. ಕಾಫಿ ಬೇಕೆನಿಸಿದರೆ ಮುಖ್ಯರಸ್ತೆಯ ಚೈನ್ ಅಂಗಡಿಗೆ ಹೋಗುವುದು ಅಭ್ಯಾಸವಾಗಿತ್ತು. ಒಂದು ಶನಿವಾರ ಅದು ಮುಚ್ಚಿತ್ತು. ಹಾಗೇ ಹಿಂದಿನ ಓಣಿಗೆ ಹೊಕ್ಕರೆ ಸೈಕಲ್ ರಿಪೇರಿ ಅಂಗಡಿಯ ಪಕ್ಕದಲ್ಲಿ ನಾಲ್ಕು ಸ್ಟೂಲು, ಒಂದು ಮಷಿನು, ಒಬ್ಬ ಹುಡುಗ. ಬಂದು ಮೂರು ವರ್ಷವಾಯಿತಂತೆ. ನನ್ನ ಮನೆಯಿಂದ ಅಲ್ಲಿಗೆ ಆರು ನಿಮಿಷದ ನಡಿಗೆ!

ಅವತ್ತೇ ರಾತ್ರಿ ಮ್ಯಾಪ್ ತೆಗೆದು ಮನೆಯನ್ನು ನಡುವೆ ಇಟ್ಟುಕೊಂಡು ಸುತ್ತ ಎರಡು ಕಿಲೋಮೀಟರಿನೊಳಗೆ ಹುಡುಕಿದೆ. ಚೈನ್ ಅಂಗಡಿಗಳನ್ನು ತೆಗೆದರೆ ಉಳಿದದ್ದು ಹನ್ನೊಂದು. ಶನಿವಾರಗಳಂದು ಒಂದೊಂದಾಗಿ ಮುಗಿಸಲು ಹೆಚ್ಚುಕಡಿಮೆ ಮೂರು ತಿಂಗಳು ಹಿಡಿಯಿತು. ಇದನ್ನೂ ಪ್ರವಾಸ ಅನ್ನಬಹುದೇ ಎಂದು ಮನೆಯವರು ನಕ್ಕರು. ಟಿಕೆಟ್ಟು, ಲಗೇಜು ಇಲ್ಲ ಅನ್ನುವುದು ಬಿಟ್ಟರೆ ಮಿಕ್ಕ ಎಡವಟ್ಟುಗಳೆಲ್ಲ ಇದರಲ್ಲೂ ಇವೆ. ನಿಮ್ಮ ಏರಿಯಾದಲ್ಲಿ ನೀವೂ ಹೀಗೆ ಹೊರಡುವವರಿದ್ದರೆ ನನ್ನ ಎಡವಟ್ಟುಗಳಿಂದ ಸ್ವಲ್ಪ ಉಪಯೋಗವಾದೀತು.

ಮೊದಲನೆಯದು, ಮ್ಯಾಪನ್ನು ಪೂರ್ತಿ ನಂಬಬೇಡಿ. ಹನ್ನೊಂದರಲ್ಲಿ ಎರಡು ಅಂಗಡಿಗಳ ಸಮಯ ತಪ್ಪಿತ್ತು, ಒಂದು ಜಾಗ ಬದಲಿಸಿತ್ತು. ಒಬ್ಬಿಬ್ಬರೇ ನಡೆಸುವ ಅಂಗಡಿಯಲ್ಲಿ ಮಾಲೀಕರಿಗೆ ಜ್ವರ ಬಂದರೆ ಅವತ್ತು ಬಾಗಿಲು ತೆಗೆಯುವುದಿಲ್ಲ, ಅಷ್ಟೇ. ಹೊರಡುವ ಮುಂಚೆ ಒಂದು ಫೋನ್ ಮಾಡಿ. ನಡೆದೇ ಹೋಗಿ. ಗಾಡಿಯಲ್ಲಿ ಹೋಗಿದ್ದರೆ ಮಹಡಿಯ ಮೇಲಿರುವ, ಬೋರ್ಡು ಸಹ ನೆಟ್ಟಗಿಲ್ಲದ ಎರಡು ಅಂಗಡಿಗಳು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ಅವು ಮ್ಯಾಪಿನಲ್ಲಿ ಇರಲೇ ಇಲ್ಲ. ಅಂದರೆ ಹನ್ನೊಂದು ಅಂತ ಹೊರಟವನು ಕೊನೆಗೆ ಹದಿಮೂರು ನೋಡಿದೆ.

ಎರಡನೆಯದು ನಾನು ಮಾಡಿದ ದೊಡ್ಡ ತಪ್ಪು. ಮೊದಲ ಶನಿವಾರ ಹುರುಪಿನಲ್ಲಿ ಒಂದೇ ಮಧ್ಯಾಹ್ನ ನಾಲ್ಕು ಅಂಗಡಿ ಮುಗಿಸಿದೆ. ನಾಲ್ಕನೆಯದರಲ್ಲಿ ಕಪ್ಪು ಎತ್ತಿದರೆ ಬೆರಳು ನಡುಗುತ್ತಿತ್ತು. ರುಚಿ ಹೇಗಿತ್ತು ಅಂದರೆ ಇವತ್ತಿಗೂ ಹೇಳಲಾರೆ. ರಾತ್ರಿ ಮೂರು ಗಂಟೆಯವರೆಗೆ ಫ್ಯಾನ್ ನೋಡುತ್ತ ಮಲಗಿದ್ದೆ. ಆಮೇಲೆ ಲೆಕ್ಕ ಹಾಕಿದೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಕೆಫೀನ್ ಪರವಾಗಿಲ್ಲ ಎಂದು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಬಸುರಿಯರಿಗೆ ಅದು 200. ದೊಡ್ಡ ಮಗ್ಗಿನ ತುಂಬ ಸೋಸಿದ ಕಾಫಿ ಕುಡಿದರೆ ಒಂದರಲ್ಲೇ ನೂರು ದಾಟಬಹುದು. ಒಳಗೆ ಹೋದ ಕೆಫೀನಿನಲ್ಲಿ ಅರ್ಧ ಇಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದದ್ದು ರಾತ್ರಿ ಹತ್ತಕ್ಕೂ ಅರ್ಧದಷ್ಟು ಮೈಯಲ್ಲೇ ಕೂತಿರುತ್ತದೆ. ಅಂಗಡಿಯವರು ರೊಬಸ್ಟಾ ಜಾತಿಯ ಬೀಜ ಹೆಚ್ಚು ಬಳಸಿದರೆ ಇನ್ನೂ ಜೋರು, ಅದರಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇದೆ. ಹಾಗಾಗಿ ದಿನಕ್ಕೆ ಎರಡೇ ಅಂಗಡಿ, ಅದೂ ಮಧ್ಯಾಹ್ನದೊಳಗೆ. ಜೊತೆಗೊಬ್ಬರು ಇದ್ದರೆ ಒಂದೇ ಕಪ್ಪು ಹಂಚಿಕೊಳ್ಳಿ. ಖಾಲಿ ಹೊಟ್ಟೆಯಲ್ಲಂತೂ ಹೋಗಲೇಬೇಡಿ.

ಏನು ಕುಡಿಯಬೇಕು? ಎಲ್ಲ ಕಡೆ ಒಂದೇ. ಇದೊಂದು ಮಾತು ಕೇಳಿ. ಒಂದು ಕಡೆ ಕ್ಯಾಪುಚಿನೊ, ಇನ್ನೊಂದು ಕಡೆ ತಣ್ಣನೆಯದು, ಮತ್ತೊಂದು ಕಡೆ ಕ್ಯಾರಮೆಲ್ ಹಾಕಿದ್ದು ಕುಡಿದರೆ ಹೋಲಿಸುವುದಕ್ಕೆ ಏನೂ ಉಳಿಯುವುದಿಲ್ಲ. ನಾನು ಎಸ್ಪ್ರೆಸೊ ಆರಿಸಿಕೊಂಡೆ. ಚಿಕ್ಕದು, ಬೇಗ ಮುಗಿಯುತ್ತದೆ, ತಪ್ಪನ್ನು ಮುಚ್ಚಿಡಲು ಅದರಲ್ಲಿ ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಹಾಲಿಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ ಅನ್ನುವವರು ಹಾಲಿನ ಕಾಫಿಯನ್ನೇ ಎಲ್ಲ ಕಡೆ ಕುಡಿಯಿರಿ, ಸಂಕೋಚ ಬೇಡ. ಅದರಲ್ಲೂ ನೋಡಬೇಕಾದದ್ದಿದೆ: ಹಾಲು 60ರಿಂದ 65 ಡಿಗ್ರಿಯ ಹತ್ತಿರ ಬಿಸಿಯಾದಾಗ ಸಿಹಿ ಚೆನ್ನಾಗಿ ಗೊತ್ತಾಗುತ್ತದೆ, 70 ದಾಟಿತೋ ಕಾಯಿಸಿದ ಹಾಲಿನ ವಾಸನೆ ಕಾಫಿಯನ್ನು ನುಂಗಿಬಿಡುತ್ತದೆ. ನಾಲಿಗೆ ಸುಡುವಷ್ಟು ಬಿಸಿ ಇದ್ದರೆ ಒಳ್ಳೆಯ ಕಾಫಿ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಈಗ ಕಪ್ಪು ಬಂದಮೇಲೆ ಎರಡು ನಿಮಿಷ ಸುಮ್ಮನಿರುತ್ತೇನೆ. ಆರುತ್ತ ಹೋದ ಹಾಗೆ ರುಚಿ ಬಿಡಿಸಿಕೊಳ್ಳುತ್ತದೆ. ಕೆಟ್ಟ ಕಾಫಿಯಾದರೆ ಅದರ ಬಣ್ಣವೂ ಆಗಲೇ ಬಯಲಾಗುತ್ತದೆ.

ಕೌಂಟರಿನ ಹತ್ತಿರದ ಸ್ಟೂಲು ಸಿಕ್ಕರೆ ಅಲ್ಲೇ ಕೂರಿ. ಕಿಟಕಿ ಪಕ್ಕದ ಸೋಫಾಕ್ಕಿಂತ ಅಲ್ಲಿ ಕಲಿಯುವುದು ಜಾಸ್ತಿ. ಲಾಂಡ್ರಿಯ ಮೇಲಿನ ಮಹಡಿಯಲ್ಲಿರುವ ಒಂದು ಪುಟ್ಟ ಅಂಗಡಿಯಲ್ಲಿ ಅರ್ಧ ಗಂಟೆ ಒಬ್ಬಾಕೆಯ ಕೈಯನ್ನೇ ನೋಡುತ್ತ ಕೂತಿದ್ದೆ. ಹಿಡಿಯಿರುವ ಆ ಕಬ್ಬಿಣದ ಸೌಟಿನಂಥದ್ದನ್ನು ತಕ್ಕಡಿಯ ಮೇಲಿಟ್ಟು ಪುಡಿ ತೂಗಿದಳು. 18 ಗ್ರಾಂ. 18.4 ಬಂದಿತ್ತು, ಚಮಚದ ತುದಿಯಿಂದ ಚಿಟಿಕೆಯಷ್ಟು ತೆಗೆದಳು. ಬೆರಳಿನಿಂದ ಅಂಚು ಸವರಿ, ಮೊಣಕೈ ನೇರ ಮಾಡಿ ಒಂದೇ ಸಲ ಒತ್ತಿದಳು. ಮಷಿನಿಗೆ ಸಿಕ್ಕಿಸಿ ಕಪ್ಪನ್ನೂ ತಕ್ಕಡಿಯ ಮೇಲೇ ಇಟ್ಟಳು. ಮೊದಲ ಹನಿ ಬೀಳಲು ಆರೇಳು ಸೆಕೆಂಡು, ಆಮೇಲೆ ಇಲಿಯ ಬಾಲದಂತೆ ಸಣ್ಣಗೆ ಒಂದು ಧಾರೆ. 36 ಗ್ರಾಂ ಆಗುತ್ತಿದ್ದಂತೆ ನಿಲ್ಲಿಸಿ ಗಡಿಯಾರ ನೋಡಿದಳು. 28 ಸೆಕೆಂಡು. ಒಳಗೆ ನೀರನ್ನು ತಳ್ಳುವ ಒತ್ತಡ 9 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು. ಉಗಿಯಲ್ಲಿ ಕಾಫಿ ಮಾಡುವ ಯಂತ್ರಕ್ಕೆ ಇಟಲಿಯ ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ ಪೇಟೆಂಟ್ ತೆಗೆದುಕೊಂಡದ್ದು 1884ರಲ್ಲೇ, ಆದರೆ ಇಷ್ಟು ಒತ್ತಡವೂ ಮೇಲಿನ ಕಂದು ನೊರೆಯೂ ಬಂದದ್ದು 1940ರ ದಶಕದ ಕೊನೆಗೆ, ಗಾಜಿಯಾ ಕಂಪನಿಯ, ಹಿಡಿಕೆ ಎಳೆದು ಕಾಫಿ ಇಳಿಸುವ ಮಷಿನುಗಳ ಕಾಲಕ್ಕೆ.

ಆ 28 ಸೆಕೆಂಡಿನ ಅರ್ಥ ಗೊತ್ತಿದ್ದರೆ ಕಪ್ಪಿನಲ್ಲಿ ಏನು ತಪ್ಪಾಗಿದೆ ಎಂದು ನೀವೇ ಊಹಿಸಬಹುದು. ಪುಡಿಯಿಂದ ಮೊದಲು ಕರಗಿ ಬರುವುದು ಹುಳಿ, ಹಿಂದೆಯೇ ಸಿಹಿ, ಕಹಿ ಕೊನೆಗೆ. ಪುಡಿ ತರಿಯಾಗಿದ್ದು ನೀರು ಹದಿನೈದೇ ಸೆಕೆಂಡಿನಲ್ಲಿ ಓಡಿಹೋದರೆ ಮುಖ ಕಿವುಚುವ ಹುಳಿ ಮಾತ್ರ ಸಿಗುತ್ತದೆ. ತೀರಾ ನುಣ್ಣಗಿದ್ದು ತೊಟ್ಟಿಕ್ಕುತ್ತ ಕೂತರೆ ಕಹಿ, ಒಗರು. ಹುಳಿಯೆಲ್ಲ ತಪ್ಪಲ್ಲ, ನೆನಪಿರಲಿ. ಕಡಿಮೆ ಹುರಿದ ಬೀಜದಲ್ಲಿ ಹಣ್ಣಿನಂಥ ಹುಳಿ ಇರುವುದೇ ಚೆಂದ. ಹಿಂದೆಯೇ ಸಿಹಿ ಬಂದರೆ ಅದು ಬೇಕೆಂದೇ ಮಾಡಿದ್ದು, ಬರದಿದ್ದರೆ ಎಡವಟ್ಟು.

ಕೂತಲ್ಲಿಂದಲೇ ಕಣ್ಣು ಹಾಯಿಸಬೇಕಾದ ಇನ್ನೂ ಕೆಲವಿವೆ. ಹಾಲಿಗೆ ಉಗಿ ಕೊಡುವ ಕೊಳವೆಯನ್ನು ಪ್ರತಿ ಸಲವೂ ಒರೆಸುತ್ತಾರಾ? ಒಣಗಿದ ಹಾಲಿನ ಬಿಳಿ ಪದರ ಅದಕ್ಕೆ ಅಂಟಿದ್ದರೆ ನಾನು ಹಾಲಿನ ಕಾಫಿ ಕೇಳುವುದಿಲ್ಲ. ಶೆಲ್ಫಿನ ಪೊಟ್ಟಣಗಳ ಮೇಲೆ ಹುರಿದ ದಿನಾಂಕ ಇದೆಯಾ? ‘ಇಂಥ ದಿನದೊಳಗೆ ಬಳಸಿ’ ಎಂದಷ್ಟೇ ಇದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಹುರಿದ ಮರುದಿನದ ಬೀಜವೇ ಅತ್ಯುತ್ತಮ ಎಂದೇನಿಲ್ಲ, ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗಲು ಒಂದು ವಾರದ ಹತ್ತಿರ ಬಿಡುವವರಿದ್ದಾರೆ. ಆದರೆ ತಿಂಗಳುಗಟ್ಟಲೆ ಕಿಟಕಿಯ ಬಿಸಿಲಿನಲ್ಲಿ ನಿಂತ ಪೊಟ್ಟಣ ಕೊಳ್ಳಬೇಡಿ, ಅಲಂಕಾರ ಎಷ್ಟೇ ಚೆನ್ನಾಗಿರಲಿ.

ಮಾತಾಡಿಸಿ. ‘ನಿಮ್ಮಲ್ಲಿ ಯಾವುದು ಚೆನ್ನಾಗಿರುತ್ತೆ?’ ಅಂತ ಕೇಳಿದರೆ ಎಲ್ಲವೂ ಚೆನ್ನಾಗಿರುತ್ತೆ ಅನ್ನುತ್ತಾರೆ, ಪಾಪ ಇನ್ನೇನು ಹೇಳಿಯಾರು. ನಾನು ಕೇಳಲು ಶುರುಮಾಡಿದ್ದು ಬೇರೆ: ‘ಇವತ್ತು ನೀವು ಏನು ಕುಡಿದ್ರಿ?’ ಈ ಪ್ರಶ್ನೆಗೆ ಮುಖ ಅರಳದ ಒಬ್ಬರೂ ಸಿಗಲಿಲ್ಲ. ಒಬ್ಬ ಮೆನುವಿನಲ್ಲೇ ಇಲ್ಲದ ಬೀಜವನ್ನು ಕೆಳಗಿನ ಡಬ್ಬಿಯಿಂದ ತೆಗೆದು ಶಂಕುವಿನಾಕಾರದ ಕಾಗದದ ಫಿಲ್ಟರಿನಲ್ಲಿ ಸೋಸಿ ಕೊಟ್ಟ. ಪುಡಿ ನೆನೆಯುವಷ್ಟೇ ನೀರು ಹಾಕಿ ಅರ್ಧ ನಿಮಿಷ ಬಿಟ್ಟಾಗ ಅದು ಉಬ್ಬಿ, ಗುಳ್ಳೆ ಎದ್ದು, ಮತ್ತೆ ಕುಸಿಯುವುದನ್ನು ಇಬ್ಬರೂ ಬಗ್ಗಿ ನೋಡಿದೆವು. ಪುಡಿ 15 ಗ್ರಾಂ, ನೀರು 240. ಇಂಥದಕ್ಕೆ ಮೂರ್ನಾಲ್ಕು ನಿಮಿಷ ಬೇಕು, ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ಕೇಳಬೇಡಿ. ಈ ಕಾಗದದ ಫಿಲ್ಟರು ಹುಟ್ಟಿದ ಕಥೆ ನನಗೆ ತುಂಬ ಇಷ್ಟ: 1908ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ ಕಪ್ಪಿನ ತಳದ ಗಸಿ ಕಂಡು ಬೇಸತ್ತು, ಮಗನ ಶಾಲೆಯ ಪುಸ್ತಕದ, ಶಾಯಿ ಹೀರುವ ಒತ್ತುಕಾಗದ ಹರಿದು, ತೂತು ಮಾಡಿದ ಹಿತ್ತಾಳೆ ಪಾತ್ರೆಗೆ ಹಾಸಿ ಸೋಸಿದಳು. ಮಗ ಮರುದಿನ ಶಾಲೆಯಲ್ಲಿ ಏನು ಹೇಳಿದನೋ.

ಹೋಗುವ ಹೊತ್ತು ಹತ್ತೂವರೆಯಿಂದ ಹನ್ನೆರಡು. ಬೆಳಗಿನ ಗಡಿಬಿಡಿ ಇಳಿದಿರುತ್ತದೆ, ಮಾತಿಗೆ ಸಿಗುತ್ತಾರೆ. ಲ್ಯಾಪ್‌ಟಾಪ್ ಮನೆಯಲ್ಲಿ ಬಿಡಿ. ನಾಲ್ಕೇ ಸ್ಟೂಲಿರುವ ಕಡೆ ಒಂದು ಕಪ್ಪಿಗೆ ಮೂರು ಗಂಟೆ ಕೂತರೆ ಅವರ ಕಾಲುಭಾಗ ವ್ಯಾಪಾರಕ್ಕೆ ಅಡ್ಡ ಕೂತ ಹಾಗೆ. ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆ 1675ರ ಡಿಸೆಂಬರಿನಲ್ಲಿ ಕಾಫಿ ಅಂಗಡಿಗಳನ್ನೆಲ್ಲ ಮುಚ್ಚಬೇಕೆಂದು ಘೋಷಣೆ ಹೊರಡಿಸಿದ್ದ, ಜನ ಕೂತು ತನ್ನ ಸರ್ಕಾರದ ಬಗ್ಗೆ ಹರಟುತ್ತಾರೆ ಅಂತ. ಗಲಾಟೆಯಾಗಿ ಜಾರಿಯಾಗುವ ಮೊದಲೇ ಹಿಂತೆಗೆದುಕೊಂಡ. ಹರಟುವವರನ್ನು ಕಂಡರೆ ನನಗೆ ತೊಂದರೆಯಿಲ್ಲ. ಎದುರಿನ ಕುರ್ಚಿಗೆ ಚೀಲ ಕೂರಿಸಿ, ಚಾರ್ಜರ್ ವೈರು ದಾರಿಗಡ್ಡ ಎಳೆಯುವವರನ್ನು ಕಂಡರೆ ಮಾತ್ರ ಆ ದೊರೆಯ ಕಷ್ಟ ಅರ್ಥವಾಗುತ್ತದೆ.

ಜೇಬಿನಲ್ಲೊಂದು ಸಣ್ಣ ಪುಸ್ತಕ ಇರಲಿ. ಐದಕ್ಕೆ ಇಷ್ಟು ನಕ್ಷತ್ರ ಎಂದು ಕೊಡುತ್ತ ಹೋದರೆ ತಿಂಗಳ ಮೇಲೆ ನಿಮಗೇ ಏನೂ ನೆನಪಾಗುವುದಿಲ್ಲ. ಬೀಜ ಯಾವುದು, ಎಷ್ಟು ಹೊತ್ತಿಗೆ ಹೋದದ್ದು, ಮೊದಲ ಗುಟುಕು ಹೇಗಿತ್ತು, ಆರಿದ ಮೇಲೆ ಹೇಗಾಯಿತು, ಇಷ್ಟು ಸಾಕು. ಹೊತ್ತನ್ನು ಬರೆಯುವುದು ಎಷ್ಟು ಮುಖ್ಯ ಅನ್ನುವುದು ನನಗೆ ತಡವಾಗಿ ತಿಳಿಯಿತು.

ಎರಡನೇ ಶನಿವಾರ ಒಂದು ಅಂಗಡಿಗೆ ಬಾಗಿಲು ತೆಗೆಯುತ್ತಿದ್ದಂತೆ ಹೋಗಿದ್ದೆ. ನಾನೇ ಮೊದಲ ಗಿರಾಕಿ. ಎಸ್ಪ್ರೆಸೊ ಬಾಯಿಗಿಟ್ಟರೆ ಹುಳಿ ಹುಳಿ, ನೀರು ನೀರು. ಪುಸ್ತಕದಲ್ಲಿ ‘ಹುಳಿ. ಬೇಡ.’ ಎಂದು ಬರೆದು ಹೆಸರಿನ ಮೇಲೆ ಗೀಟು ಎಳೆದೆ. ಆರೇಳು ವಾರದ ಮೇಲೆ ಇನ್ನೆಲ್ಲಿಗೋ ಹೊರಟವನಿಗೆ ದಾರಿಯಲ್ಲಿ ಮಳೆ ಹಿಡಿದುಕೊಂಡಿತು, ಹತ್ತಿರದಲ್ಲಿ ತೆರೆದಿದ್ದದ್ದು ಅದೊಂದೇ. ಹೊತ್ತು ಹನ್ನೊಂದು. ಅದೇ ಮಷಿನು, ಅದೇ ಮನುಷ್ಯ, ಬೀಜವೂ ಅದೇ. ಆದರೆ ಕಪ್ಪಿನಲ್ಲಿದ್ದದ್ದು ಬೇರೆಯೇ ಪಾನೀಯ: ಮೊದಲು ಸ್ವಲ್ಪ ಹುಳಿ, ಹಿಂದೆಯೇ ಸುಟ್ಟ ಸಕ್ಕರೆಯಂಥ ಸಿಹಿ, ನುಂಗಿದ ಮೇಲೂ ತುಂಬ ಹೊತ್ತು ಬಾಯಲ್ಲೇ ನಿಂತಿತು.

ತಡೆಯಲಾರದೆ ಹಳೆಯ ಕಥೆ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ನಕ್ಕರು. ‘ಬೆಳಗ್ಗೆ ಬಂದು ಗ್ರೈಂಡರ್ ಸರಿ ಮಾಡ್ಕೋಬೇಕು. ಹವೆ ಬದಲಾದರೆ ನಿನ್ನೆ ಇಟ್ಟ ಹದ ಇವತ್ತು ಕೂರಲ್ಲ. ಮೂರು ನಾಲ್ಕು ಶಾಟ್ ಚೆಲ್ಲಿದ ಮೇಲೆ ದಾರಿಗೆ ಬರುತ್ತೆ. ಅವತ್ತು ನೀವು ಚೆಲ್ಲಬೇಕಾದ್ದನ್ನ ಕುಡಿದಿರಿ.’ ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದೆ. ಬಾಗಿಲು ತೆಗೆಯುವಾಗಲೇ ನಿಂತಿದ್ದ ಗಿರಾಕಿಗೆ ಕಾಯಿರಿ ಅನ್ನಲು ಬಾಯಿ ಬರಲಿಲ್ಲವಂತೆ.

ಆ ಮಳೆಯ ದಿನದ ಮೇಲೆ ಒಂದೇ ಕಪ್ಪು ಕುಡಿದು ಯಾವ ಅಂಗಡಿಯನ್ನೂ ಹೊಡೆದುಹಾಕುವುದನ್ನು ಬಿಟ್ಟೆ. ಮೊದಲ ಸಲ ಹಿಡಿಸದಿದ್ದರೆ ಬೇರೆ ಹೊತ್ತಿಗೆ, ಬೇರೆ ವಾರ ಇನ್ನೊಮ್ಮೆ ಹೋಗಿ. ನಾನು ಹಾಗೆ ಮರಳಿ ಹೋದ ಐದರಲ್ಲಿ ಮೂರು ಅಂಗಡಿ ಮೊದಲಿನಂತೆಯೇ ಇದ್ದವು, ಒಂದು ಇನ್ನೂ ಕೆಟ್ಟಿತ್ತು. ಐದನೆಯದು ಈ ಮಳೆಯ ಅಂಗಡಿ. ಈಗ ಮನೆಗೆ ಬೀಜ ತರುವುದೂ ಇಲ್ಲಿಂದಲೇ, ಒಂದು ಸಲಕ್ಕೆ 250 ಗ್ರಾಂ, ಪುಡಿ ಮಾಡಿಸದೆ. ಪುಸ್ತಕದಲ್ಲಿ ಅದರ ಹೆಸರಿನ ಮೇಲಿನ ಗೀಟು ಹಾಗೇ ಇದೆ. ಪಕ್ಕದಲ್ಲಿ ‘ಹತ್ತು ಗಂಟೆಯ ಮೇಲೆ’ ಎಂದು ಸೇರಿಸಿದ್ದೇನೆ.